ಪದಕ ಬಾರದಿದ್ದರೇನು, ತೇಲಲು ಬರಲಿ

ನಮ್ಮ ಸೇಡಂ, ಚಿತ್ತಾಪುರ ಕಡೆ ಈಜುವುದಕ್ಕೆ ‘ಈಸೋದು’ ಎನ್ನುತ್ತೇವೆ. ನಾನು ಹುಡುಗನಾಗಿದ್ದಾಗ ಬೇಸಿಗೆ ರಜೆಯಲ್ಲಿ ಹೊಲದ ಬಾವಿಯೇ ನಮಗೆ ಶಾಲೆ. ಒಣಗಿದ ಸೋರೆ ಬುರುಡೆಯನ್ನು ಸೊಂಟಕ್ಕೆ ಕಟ್ಟಿ, ಹಗ್ಗದ ತುದಿ ಹಿಡಿದು ನಮ್ಮ ಕಾಕಾ ಮೆಟ್ಟಿಲ ಮೇಲೆ ಕೂಡುತ್ತಿದ್ದರು. ಯಾರು ಮೊದಲು, ಯಾರು ಕೊನೆ ಎಂದು ಯಾರೂ ಬರೆದಿಡಲಿಲ್ಲ. ಬುರುಡೆ ಇಲ್ಲದೆ ಆಚೆ ದಂಡೆ ಮುಟ್ಟಿದ ದಿನ ಒಂದು ಮುಷ್ಟಿ ಶೇಂಗಾ, ಒಂದು ತುಂಡು ಬೆಲ್ಲ ಸಿಗುತ್ತಿತ್ತು.

ಈಗ ಮಗು ಈಜು ಕಲಿಯುತ್ತೇನೆ ಎಂದರೆ “ಎಷ್ಟನೇ ನಂಬರ್ ಬಂದೆ?” ಎಂದು ಕೇಳುತ್ತಾರೆ. ಅರವತ್ತು ದಾಟಿದವರು ಕಲಿಯುತ್ತೇವೆ ಎಂದರೆ “ಈ ವಯಸ್ಸಿನಾಗ ಯಾಕ್ರೀ?” ಎನ್ನುತ್ತಾರೆ. ಮಕ್ಕಳೇ, ಈ ಎರಡೂ ಪ್ರಶ್ನೆಗಳ ಬಗ್ಗೆ ಇಂದು ನಾಲ್ಕು ಮಾತು ಹೇಳುತ್ತೇನೆ. ನಿಮ್ಮ ಅಜ್ಜ–ಅಜ್ಜಿಗೂ ಓದಿ ಹೇಳಿ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿನಲ್ಲೇ ಭಾರತದ ಪರವಾಗಿ ಈಜಿದಳು. ನಮಗೆಲ್ಲ ಹೆಮ್ಮೆ. ಆದರೆ ಎಲ್ಲರೂ ಧಿನಿಧಿ ಆಗಬೇಕಿಲ್ಲ. ಊರ ಗುಡಿಯ ಭಜನೆಯಲ್ಲಿ ತಾಳ ಹಾಕುವವರೆಲ್ಲ ಮಲ್ಲಿಕಾರ್ಜುನ ಮನ್ಸೂರರೇನು? ಆದರೂ ಅವರಿಲ್ಲದೆ ಭಜನೆ ನಡೆಯದು, ಅವರ ಸಂತೋಷಕ್ಕೂ ಕಡಿಮೆಯಿಲ್ಲ.

2000ದ ಸಿಡ್ನಿ ಒಲಿಂಪಿಕ್ಸ್‌ಗೆ ಆಫ್ರಿಕಾದ ಈಕ್ವಟೋರಿಯಲ್ ಗಿನಿ ಎಂಬ ಪುಟ್ಟ ದೇಶದಿಂದ ಎರಿಕ್ ಮುಸಾಂಬಾನಿ ಬಂದಿದ್ದ. ಆತ ಈಜು ಕಲಿತು ವರ್ಷವೂ ತುಂಬಿರಲಿಲ್ಲ. ಅವನ ಸರದಿಯ ಇನ್ನಿಬ್ಬರು ಸೂಚನೆಗೆ ಮುಂಚೆಯೇ ಜಿಗಿದು ಹೊರಬಿದ್ದರು. ಒಬ್ಬನೇ ಉಳಿದ ಎರಿಕ್ 100 ಮೀಟರನ್ನು 1 ನಿಮಿಷ 52.72 ಸೆಕೆಂಡಿನಲ್ಲಿ ಮುಗಿಸಿದ. ಚಿನ್ನ ಗೆದ್ದವನಿಗೆ ಹಿಡಿದದ್ದು 48.30 ಸೆಕೆಂಡು! ಕೊನೆಯಲ್ಲಿ ಎರಿಕ್‌ಗೆ ಕೈಕಾಲು ಸೋತಾಗ ಜನ ಚಪ್ಪಾಳೆ ತಟ್ಟಿ ಹುರಿದುಂಬಿಸಿದರು. ಮುಂದೆ ಆತ ತನ್ನ ದೇಶದ ಈಜುಗಾರರಿಗೆ ತರಬೇತುದಾರನಾದ.

ಇನ್ನು ಅಜ್ಜಿಯರಿಗೆ ಜಪಾನಿನ ಮಿಯೆಕೊ ನಾಗಾವೊಕಾ ಅವರ ಕಥೆ. ಮೊಣಕಾಲು ನೋವಿಗೆಂದು 80ರ ಆಸುಪಾಸಿನಲ್ಲಿ ನೀರಿಗಿಳಿದ ಈ ಅಜ್ಜಿ, 2015ರಲ್ಲಿ, ತಮ್ಮ 100ನೇ ವಯಸ್ಸಿನಲ್ಲಿ, 1500 ಮೀಟರ್ ಈಜಿದರು. ಹಿಡಿದದ್ದು ಒಂದೂಕಾಲು ಗಂಟೆ. ಹಿರಿಯರ ಇಂಥ ಸ್ಪರ್ಧೆಗಳಿಗೆ ‘ಮಾಸ್ಟರ್ಸ್’ ಎನ್ನುತ್ತಾರೆ. 25 ವರ್ಷದಿಂದ ಶುರುವಾಗಿ ಐದೈದು ವರ್ಷಕ್ಕೊಂದು ಗುಂಪು. ನೂರು ದಾಟಿದವರಿಗೂ ಜಾಗವಿದೆ.

ನೀರಿಗೆ ಒಂದು ದೊಡ್ಡ ಗುಣವಿದೆ. ಸೊಂಟದವರೆಗೆ ನೀರಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೊಣಕಾಲು ಸವೆದವರಿಗೆ ಇದಕ್ಕಿಂತ ಹಗುರವಾದ ವ್ಯಾಯಾಮ ಯಾವುದು? ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ಯಾಂಕಿನಲ್ಲಿ ಕೂಡಿಸಿ ಕಳೆದ ತಲೆ ನನ್ನದು. ಲೆಕ್ಕ ಹಾಕಿದರೆ ದಿನಕ್ಕೆ 30 ನಿಮಿಷದಂತೆ ಐದು ದಿನ. ನಿವೃತ್ತಿಯಾದ ಮೇಲೆ, ಮಗಳ ಊರಿಗೆ ಹೋದಾಗಲೆಲ್ಲ ಅಲ್ಲಿಯ ಕೊಳದಲ್ಲಿ ನಾನೂ ಈಸುತ್ತೇನೆ. ಪಕ್ಕದಲ್ಲಿ ಹುಡುಗರು ಮೀನಿನಂತೆ ಸಾಗುತ್ತಾರೆ, ನಾನು ಆಮೆಯಂತೆ. ಆದರೆ ಆ ದಿನ ನಿದ್ದೆ ಚೆನ್ನಾಗಿ ಬರುತ್ತದೆ.

ನಮ್ಮ ಸೀಮೆಗೆ ಈಜು ಬೇಕಾದದ್ದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಶಹಾಬಾದ್, ವಾಡಿ, ಚಿತ್ತಾಪುರದ ಸುತ್ತ ಕಲ್ಲುಗಣಿಗಳು. ಶಹಾಬಾದ್ ಕಲ್ಲು ಪದರ ಪದರವಾಗಿ ಏಳುತ್ತದೆ. ಹಾಗೆ ತೆಗೆದ ಗುಂಡಿಯ ಬದಿ ಗೋಡೆಯಂತೆ ನೆಟ್ಟಗಿರುತ್ತದೆ. ಮಳೆನೀರು ತುಂಬಿದರೆ ನೋಡಲು ನೀಲಿ, ಚೆಂದ. ಕಾಲಿಟ್ಟರೆ ಒಮ್ಮೆಲೇ ಆಳ, ಹತ್ತಿ ಬರಲು ಹಿಡಿಕೆಯಿಲ್ಲ. ಬೇಸಿಗೆಯಲ್ಲಿ ಸೊರಗಿದ ಕಾಗಿಣಾ, ಚಿಂಚೋಳಿಯ ಮುಲ್ಲಾಮಾರಿ ಮಳೆಗಾಲದಲ್ಲಿ ಬೇರೆಯೇ ರೂಪ ತಾಳುತ್ತವೆ. 2020ರ ಅಕ್ಟೋಬರಿನ ಪ್ರವಾಹವನ್ನು ನಮ್ಮ ಜನ ಮರೆತಿಲ್ಲ. ನೀರಿನ ಸಾವು ತಡೆಯಲೆಂದೇ ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ವಿಶೇಷ ದಿನವಾಗಿ ಗೊತ್ತುಮಾಡಿತು. ಮುಳುಗುವ ಮಗುವಿಗೆ ಚಿನ್ನದ ಪದಕದ ವೇಗ ಬೇಡ. ಅಂಗಾತ ತೇಲಿ ನಿಧಾನವಾಗಿ ಉಸಿರಾಡಲು ಬಂದರೆ, ಸಹಾಯ ಬರುವವರೆಗೆ ಜೀವ ಉಳಿದೀತು.

ಆದ್ದರಿಂದ ಮೊಮ್ಮಕ್ಕಳೇ, ಈ ಮಾತು ನೆನಪಿಡಿ. ಈಜು ಬಂದರೂ ಗಣಿಯ ಗುಂಡಿಗೆ, ತುಂಬಿದ ಹೊಳೆಗೆ ಇಳಿಯಬೇಡಿ. ಎಲ್ಲಿಯೇ ಆಗಲಿ, ಒಬ್ಬರೇ ನೀರಿಗೆ ಹೋಗಬೇಡಿ. ಗೆಳೆಯ ಮುಳುಗುತ್ತಿದ್ದರೆ ಹಿಂದೆ ಜಿಗಿಯಬೇಡಿ. ಜೋರಾಗಿ ಕೂಗಿ, ದಂಡೆಯಲ್ಲಿ ಮಲಗಿ ಉದ್ದನೆಯ ಕೋಲು, ಧೋತ್ರ, ಹಗ್ಗ ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. 112ಕ್ಕೆ ಫೋನ್ ಮಾಡಿಸಿ.

ಹಿರಿಯರೇ, ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ, ಕಾವಲಿರುವ ಆಳವಿಲ್ಲದ ಕೊಳದಲ್ಲಿ ಕಲಿಯಿರಿ. ಮೊದಲು ನೀರಲ್ಲಿ ಗುಳ್ಳೆ ಬಿಡುವುದು, ಆಮೇಲೆ ತೇಲುವುದು, ಕಾಲು ಬಡಿಯುವುದು ಕೊನೆಗೆ. ಮೊಮ್ಮಗಳ ಜೊತೆಗೇ ಕಲಿತರೆ ಇನ್ನೂ ಒಳ್ಳೆಯದು. ಅವಳಿಗೂ ಧೈರ್ಯ, ನಿಮಗೂ ಧೈರ್ಯ.

ನಮ್ಮ ಪುರಸಭೆಗಳನ್ನು ನಾವು ಕೇಳಬೇಕಾದದ್ದು ದೊಡ್ಡ ಕ್ರೀಡಾಂಗಣವನ್ನಲ್ಲ. ಊರಿಗೊಂದು ಸೊಂಟದುದ್ದ ನೀರಿನ ಕೊಳ, ಕಲಿಸಲು ಒಬ್ಬರು, ಹೆಣ್ಣುಮಕ್ಕಳಿಗೆ ಬೇರೆ ಹೊತ್ತು. ಮುಂದಿನ ವಾರ್ಡ್ ಸಭೆಯಲ್ಲಿ ಅಜ್ಜ–ಅಜ್ಜಿ ಎದ್ದು ನಿಂತು ಇಷ್ಟು ಕೇಳಲಿ.