ಗ್ರೀಕರ ತಿದಿವಾದ್ಯ: ಹೆಸರುಗಳು ಹೇಳುವ ಚರಿತ್ರೆ

ಆಡಿನ ಇಡೀ ತೊಗಲನ್ನು ಗಾಳಿಚೀಲವಾಗಿಸಿ, ಅದಕ್ಕೆ ಜೊಂಡಿನ ಅಥವಾ ಮರದ ಕೊಳವೆಗಳನ್ನು ಜೋಡಿಸಿ ನುಡಿಸುವ ತಿದಿವಾದ್ಯ, ಎಂದರೆ ಬ್ಯಾಗ್‌ಪೈಪ್, ಗ್ರೀಸಿನ ಜನಪದ ಸಂಗೀತದಲ್ಲಿ ಇಂದಿಗೂ ಉಳಿದಿದೆ. ಇದನ್ನು ಬೈಜಾಂಟೈನ್ ಸಾಮ್ರಾಜ್ಯದ ನೇರ ಬಳುವಳಿಯೆಂದು ಹೇಳುವ ರೂಢಿಯುಂಟು. ತೊಗಲು, ಜೊಂಡು ಬೇಗ ನಶಿಸತಕ್ಕವು. ಆದುದರಿಂದ ಈ ಮಾತನ್ನು ಪರೀಕ್ಷಿಸಲು ವಾದ್ಯದ ಅವಶೇಷಗಳಿಗಿಂತ ಹೆಸರುಗಳೇ ಹೆಚ್ಚು ನೆರವಾಗುತ್ತವೆ.

ಗ್ರೀಕಿನ 'ಅಸ್ಕೋಸ್' (ತೊಗಲಚೀಲ), 'ಔಲೋಸ್' (ಕೊಳಲು) ಶಬ್ದಗಳಿಂದಾದ 'ಅಸ್ಕೌಲೀಸ್' ಎಂಬ ವಾದಕನಾಮವು ಕ್ರಿ.ಶ. 1ನೆಯ ಶತಮಾನದ ರೋಮನ್ ಕವಿ ಮಾರ್ಷಿಯಲ್‌ನಲ್ಲಿಯೇ ದೊರೆಯುತ್ತದೆ. ಹೀಗಾಗಿ ವಾದ್ಯವು ಬೈಜಾಂಟಿಯಂಗಿಂತ ಹಳೆಯದು. 9ನೆಯ ಶತಮಾನದ ಪರ್ಷಿಯನ್ ಭೂಗೋಳಜ್ಞ ಇಬ್ನ್ ಖುರ್ದಾದ್‌ಬಿಹ್ ಬೈಜಾಂಟೈನರ ವಾದ್ಯಗಳಲ್ಲಿ ಹೆಸರಿಸುವ 'ಸಲಂಜ್' ತಿದಿವಾದ್ಯವೇ ಇರಬೇಕೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ.

ಬೈಜಾಂಟೈನ್ ಚರ್ಚಿನ ಆರಾಧನೆಯಲ್ಲಿ ಕಂಠಗಾನಕ್ಕೆ ಮಾತ್ರ ಸ್ಥಾನ. ಆರ್ಗನ್ ಅರಮನೆಯ ಉತ್ಸವಗಳಿಗೆ ಸೇರಿದ್ದು. ಚರ್ಚಿನ ಗಾಯನದಲ್ಲಿ ಆಧಾರಸ್ವರವನ್ನು ಹಿಡಿಯುವ 'ಐಸನ್' ಪದ್ಧತಿಗೂ ತಿದಿವಾದ್ಯದ ಶ್ರುತಿಗೂ ಹೋಲಿಕೆ ಕಾಣುವುದು ನಿಜ. ಆದರೆ ಹೋಲಿಕೆ ಸಂಬಂಧಕ್ಕೆ ಪ್ರಮಾಣವಾಗಲಾರದು. ಥ್ರೇಸ್ ಮತ್ತು ಮ್ಯಾಸಿಡೋನಿಯಾದ 'ಗೈಡಾ'ಕ್ಕೆ ಉದ್ದವಾದ ಪ್ರತ್ಯೇಕ ಶ್ರುತಿಕೊಳವೆಯಿದೆ. ಏಜಿಯನ್ ದ್ವೀಪಗಳ 'ತ್ಸಂಬೂನಾ'ದಲ್ಲಿ ಅಂತಹ ಕೊಳವೆಯಿಲ್ಲ, ಒಂದೇ ತೊಟ್ಟಿಯಲ್ಲಿ ಕೂಡಿಸಿದ ಎರಡು ನುಡಿಗೊಳವೆಗಳಿವೆ.

ತ್ಸಂಬೂನಾ ಎಂಬ ಹೆಸರಿನ ಪಯಣ ವಿಶೇಷವಾದುದು. ಗ್ರೀಕಿನ 'ಸಿಂಫೋನಿಯಾ' ಲ್ಯಾಟಿನ್ನಿಗೆ ಹೋಗಿ, ಇಟಾಲಿಯನ್ನಿನಲ್ಲಿ 'ತ್ಸಂಪೋನ್ಯ' ಆಗಿ, ಮರಳಿ ಗ್ರೀಕಿಗೆ ಬಂದಿತು. 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಕ್ರುಸೇಡರ ವಶವಾದ ಮೇಲೆ ಅನೇಕ ದ್ವೀಪಗಳು ವೆನಿಸ್ ಮೂಲದ ಒಡೆಯರಿಗೆ ಸೇರಿದುದು ಈ ಸಂಪರ್ಕದ ಹಿನ್ನೆಲೆ.

ಕಪ್ಪು ಸಮುದ್ರದ ದಕ್ಷಿಣ ತೀರದ ಪಾಂಟಸ್ ಪ್ರದೇಶದಲ್ಲಿ 1461ರವರೆಗೂ ಟ್ರೆಬಿಜೋಂಡ್ ಎಂಬ ಬೈಜಾಂಟೈನ್ ರಾಜ್ಯವಿತ್ತು. ಅಲ್ಲಿಯ ಗ್ರೀಕರು ತಮ್ಮ ತಿದಿವಾದ್ಯವನ್ನು ಗ್ರೀಕಿನಲ್ಲಿ ಪಾತ್ರೆಯೆಂದು ಅರ್ಥಕೊಡುವ 'ಅಂಗಿಯೋನ್' ಎಂದೂ, ಟರ್ಕಿಯಲ್ಲಿ ತೊಗಲಚೀಲವೆಂದು ಅರ್ಥಕೊಡುವ 'ತುಲುಮ್' ಎಂದೂ ಕರೆದರು. 1923ರ ಒಪ್ಪಂದದ ಪ್ರಕಾರ ನಡೆದ ಜನವಿನಿಮಯದಲ್ಲಿ ನೆಲೆ ತಪ್ಪಿದಾಗ, ಎರಡು ಹೆಸರುಗಳ ಆ ವಾದ್ಯವೂ ಅವರೊಡನೆ ಗ್ರೀಸಿಗೆ ಬಂದಿತು.

ಆದುದರಿಂದ ಈ ವಾದ್ಯದಲ್ಲಿ ಒಂದೇ ಮೂಲದ ಕಲಬೆರಕೆಯಿಲ್ಲದ ಧಾರೆಯನ್ನು ಅರಸುವುದು ಸಮಂಜಸವಲ್ಲ. ಗ್ರೀಕ್, ಇಟಾಲಿಯನ್, ಟರ್ಕಿ ನುಡಿಗಳ ಹೆಸರುಗಳನ್ನು ಒಟ್ಟಿಗೆ ಹೊತ್ತಿರುವ ಅದು ಹಲವು ಜನಾಂಗಗಳ ಬೈಜಾಂಟೈನ್ ಲೋಕವನ್ನೂ, ಆ ಲೋಕ ಒಡೆದ ಬಗೆಯನ್ನೂ ತೋರಿಸಿಕೊಡುತ್ತದೆ. ಪರಂಪರೆಯೆಂಬುದು ಕೊಡುಕೊಳೆಯಿಂದಲೂ ಬಾಳುತ್ತದೆಯೆಂಬುದಕ್ಕೆ ಇದೊಂದು ನಿದರ್ಶನ.