ಚಂದಾ ನಿಂತ ಮೇಲೆ ಉಳಿಯುವುದೇನು? ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿ ಮುದ್ರಿತ ಹಾಗೂ ವಿದ್ಯುನ್ಮಾನ ನಿಯತಕಾಲಿಕೆಗಳು

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ಗ್ರಂಥಾಲಯದ ಪತ್ರಿಕಾ ವೆಚ್ಚದ ಬಿಲ್ಲು ಮಂಡನೆಯಾದಾಗ ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ಏಳುವುದು ಸಾಮಾನ್ಯವಾಗಿದೆ. ಪತ್ರಿಕೆಗಳೆಲ್ಲ ಮೊಬೈಲಿನಲ್ಲೇ ದೊರೆಯುತ್ತಿರುವಾಗ ಕಾಗದದ ಪ್ರತಿಗೆ ಹಣ ವ್ಯಯಿಸುವುದೇಕೆ? ಪ್ರಶ್ನೆ ನ್ಯಾಯವಾದದ್ದೇ. ಮನೆಕಂದಾಯದ ಪ್ರತಿ ರೂಪಾಯಿಗೆ 6 ಪೈಸೆಯಂತೆ ಗ್ರಾಮಸ್ಥರು ಗ್ರಂಥಾಲಯ ಕರ ತೆರುತ್ತಾರೆ. ಗ್ರಂಥಾಲಯದ ವೆಚ್ಚವನ್ನು ಕುರಿತು ವಿಚಾರಿಸುವುದು ಸದಸ್ಯರ ಕರ್ತವ್ಯವೂ ಹೌದು. ಆದರೆ ಕಾಗದದ ಚಂದಾ ಮತ್ತು ವಿದ್ಯುನ್ಮಾನ ಚಂದಾ ಇವು ಒಂದೇ ವಸ್ತುವಿನ ಎರಡು ರೂಪಗಳಲ್ಲ. ಇವುಗಳ ನಡುವಿನ ವ್ಯತ್ಯಾಸ ತಿಳಿಯದೆ ಕೈಗೊಂಡ ನಿರ್ಣಯದ ಪರಿಣಾಮ ಕೂಡಲೇ ಕಾಣುವುದಿಲ್ಲ, ನಾಲ್ಕೈದು ವರ್ಷಗಳ ನಂತರ ಖಾಲಿ ಕಪಾಟಿನ ಮುಂದೆ ನಿಂತಾಗ ಕಾಣುತ್ತದೆ.

ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ಆಧಾರವಾಗಿರುವುದು 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ. ದೀರ್ಘಕಾಲ ಗ್ರಂಥಾಲಯ ಇಲಾಖೆಯ ಅಧೀನದಲ್ಲಿದ್ದ ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಗೊಂಡವು. ಮರುವರ್ಷವೇ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭವಾಯಿತು. ‘ಅರಿವು ಕೇಂದ್ರ’ಗಳೆಂಬ ಹೆಸರಿನಲ್ಲಿ ಅನೇಕ ಗ್ರಂಥಾಲಯಗಳಿಗೆ ಗಣಕಯಂತ್ರಗಳೂ ಅಂತರ್ಜಾಲ ಸಂಪರ್ಕವೂ ಬಂದವು. ಹೀಗಾಗಿ ಕಾಗದವೋ ಪರದೆಯೋ ಎಂಬ ಪ್ರಶ್ನೆ ಈಗ ನೇರವಾಗಿ ಪಂಚಾಯತಿಯ ಮೇಜಿಗೇ ಬಂದಿದೆ.

ಮುದ್ರಿತ ನಿಯತಕಾಲಿಕೆಗೆ ಚಂದಾ ಕಟ್ಟಿದಾಗ ಗ್ರಂಥಾಲಯವು ಒಂದು ವಸ್ತುವನ್ನು ಕೊಳ್ಳುತ್ತದೆ. ಸಂಚಿಕೆ ಬಂದು ವಹಿಯಲ್ಲಿ ದಾಖಲಾದ ಮೇಲೆ ಅದು ಪಂಚಾಯತಿಯ ಸ್ವತ್ತು. ಮುಂದಿನ ವರ್ಷ ಚಂದಾ ನಿಲ್ಲಿಸಿದರೂ, ಪತ್ರಿಕೆಯೇ ನಿಂತುಹೋದರೂ, ಹಿಂದಿನ ಸಂಚಿಕೆಗಳನ್ನು ಯಾರೂ ವಾಪಸು ಕೇಳುವಂತಿಲ್ಲ. ವಿದ್ಯುನ್ಮಾನ ಚಂದಾದಲ್ಲಿ ಗ್ರಂಥಾಲಯಕ್ಕೆ ದೊರೆಯುವುದು ನಿಗದಿತ ಅವಧಿಯವರೆಗೆ ಪ್ರಕಾಶಕರ ಗಣಕಯಂತ್ರದಲ್ಲಿರುವ ಪುಟಗಳನ್ನು ನೋಡುವ ಅನುಮತಿ ಮಾತ್ರ. ಅವಧಿ ಮುಗಿದ ದಿನ ಹೊಸ ಸಂಚಿಕೆಯ ಜೊತೆಗೆ, ಹಣ ತೆತ್ತ ವರ್ಷಗಳ ಹಳೆಯ ಸಂಚಿಕೆಗಳಿಗೂ ಬಾಗಿಲು ಮುಚ್ಚಬಹುದು. ಒಂದನ್ನು ಕ್ರಯಕ್ಕೆ ಪಡೆದ ಹೊಲಕ್ಕೂ ಇನ್ನೊಂದನ್ನು ಗುತ್ತಿಗೆಗೆ ಪಡೆದ ಹೊಲಕ್ಕೂ ಹೋಲಿಸಬಹುದು. ಗುತ್ತಿಗೆ ಕೆಟ್ಟದ್ದಲ್ಲ; ಆದರೆ ಗುತ್ತಿಗೆಯನ್ನು ಕ್ರಯವೆಂದು ಭಾವಿಸಿ ಲೆಕ್ಕ ಹಾಕಬಾರದು.

ಈ ತೊಡಕನ್ನು ಮೊದಲು ಎದುರಿಸಿದವು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು. 1990ರ ದಶಕದ ಕೊನೆಯ ಹೊತ್ತಿಗೆ ವಿಜ್ಞಾನದ ನಿಯತಕಾಲಿಕೆಗಳು ಅಂತರ್ಜಾಲಕ್ಕೆ ಸರಿಯತೊಡಗಿದಾಗ ಪ್ರಕಾಶಕರು ನೂರಾರು ಪತ್ರಿಕೆಗಳನ್ನು ಒಂದೇ ಕಟ್ಟಾಗಿ ಮಾರುವ ಕ್ರಮ ತಂದರು. ಮೊದಲಿಗೆ ಅದು ಲಾಭದ ವ್ಯವಹಾರವಾಗಿ ಕಂಡಿತು. ಕ್ರಮೇಣ ಚಂದಾ ಏರಿತು. ಓದುಗರಿಲ್ಲದ ಪತ್ರಿಕೆಗಳನ್ನು ಮಾತ್ರ ಕಟ್ಟಿನಿಂದ ಬಿಡಿಸುವುದು ಸುಲಭವಾಗಿರಲಿಲ್ಲ, ಇಡೀ ಕಟ್ಟನ್ನು ಕೈಬಿಟ್ಟರೆ ಓದುಗರಿಗೆ ಬೇಕಾದ ಪತ್ರಿಕೆಗಳೂ ಹೋಗುತ್ತಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 2019ರಲ್ಲಿ ಎಲ್ಸೆವಿಯರ್ ಎಂಬ ಬೃಹತ್ ಪ್ರಕಾಶನ ಸಂಸ್ಥೆಯೊಡನೆ ಒಪ್ಪಂದ ಕಡಿದುಕೊಂಡು, ಎರಡು ವರ್ಷಗಳ ಬಳಿಕ 2021ರಲ್ಲಿ ಬೇರೆ ಷರತ್ತುಗಳ ಮೇಲೆ ಮತ್ತೆ ಒಪ್ಪಂದಕ್ಕೆ ಬಂದದ್ದು ಈ ಹಗ್ಗಜಗ್ಗಾಟದ ಪ್ರಸಿದ್ಧ ಪ್ರಕರಣ. ಇಂತಹ ಅನುಭವಗಳಿಂದ ಗ್ರಂಥಪಾಲಕರು ಒಪ್ಪಂದದಲ್ಲಿ ಒಂದು ಅಂಶವನ್ನು ಹುಡುಕುವುದನ್ನು ಕಲಿತರು: ಚಂದಾ ನಿಂತ ಮೇಲೂ, ಹಣ ತೆತ್ತ ವರ್ಷಗಳ ಸಂಚಿಕೆಗಳನ್ನು ಓದುವ ಶಾಶ್ವತ ಹಕ್ಕು ಉಂಟೇ ಇಲ್ಲವೇ ಎಂಬುದು.

ಹಕ್ಕು ಇದ್ದರೂ ಸಾಲದು, ಪ್ರತಿಯೂ ಎಲ್ಲಿಯಾದರೂ ಉಳಿದಿರಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಲಾಕ್ಸ್’ ಎಂಬ ವ್ಯವಸ್ಥೆಯಲ್ಲಿ ಅನೇಕ ಗ್ರಂಥಾಲಯಗಳು ಒಂದೇ ಪತ್ರಿಕೆಯ ವಿದ್ಯುನ್ಮಾನ ಪ್ರತಿಗಳನ್ನು ತಮ್ಮ ತಮ್ಮಲ್ಲಿ ಇರಿಸಿಕೊಂಡು, ಒಂದರಲ್ಲಿ ದೋಷ ಕಂಡರೆ ಮತ್ತೊಂದರಿಂದ ಸರಿಪಡಿಸಿಕೊಳ್ಳುತ್ತವೆ. ಹಿಂದಿನವರು ಒಂದು ಗ್ರಂಥದ ಓಲೆಗರಿಯ ಪ್ರತಿಗಳನ್ನು ಬೇರೆ ಬೇರೆ ಮಠಗಳಲ್ಲಿ ಇರಿಸುತ್ತಿದ್ದ ಕ್ರಮಕ್ಕಿಂತ ಇದು ತೀರ ಭಿನ್ನವೇನಲ್ಲ. ನಮ್ಮಲ್ಲೂ ಇದಕ್ಕೆ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡಿದ್ದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಡಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಲಕ್ಷಾಂತರ ಹಳೆಯ ಪುಸ್ತಕಗಳು ಸ್ಕ್ಯಾನ್ ಆಗಿದ್ದವು. ಮುಂದೆ ಅದರ ಜಾಲತಾಣವೇ ಸ್ಥಗಿತಗೊಂಡಿತು. ದೊಡ್ಡ ಸಂಖ್ಯೆಯ ಪ್ರತಿಗಳು ‘ಇಂಟರ್ನೆಟ್ ಆರ್ಕೈವ್’ ಎಂಬ ಬೇರೊಂದು ಸಂಗ್ರಹಕ್ಕೂ ಸೇರಿದ್ದುದರಿಂದ ಓದುಗರು ಅವನ್ನು ಇಂದಿಗೂ ಕಾಣಬಹುದಾಗಿದೆ.

ಕೇಂದ್ರ ಸರ್ಕಾರ ಈಗ ಈ ವೆಚ್ಚವನ್ನು ಒಟ್ಟಾಗಿ ಭರಿಸುತ್ತಿದೆ. 2024ರ ನವೆಂಬರಿನಲ್ಲಿ ಸಚಿವ ಸಂಪುಟದ ಅನುಮೋದನೆ ಪಡೆದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ನಿಗದಿಯಾಗಿದ್ದು, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೂ ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೂ ಲಭಿಸುತ್ತಿವೆ. ಗ್ರಾಮ ಪಂಚಾಯತಿ ಗ್ರಂಥಾಲಯ ಈ ವ್ಯಾಪ್ತಿಯೊಳಗಿಲ್ಲ. ಊರಿನ ಯುವತಿಯೊಬ್ಬಳು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರೆಗೆ ಓದಬಹುದಾದ ಲೇಖನವು, ಪದವಿ ಮುಗಿಸಿ ಊರಿಗೆ ಮರಳಿದ ಮೇಲೆ ಅವಳಿಗೆ ತೆರೆಯುವುದಿಲ್ಲ. ಅಂಥವರಿಗೆ ಗ್ರಂಥಾಲಯದ ಗಣಕಯಂತ್ರದಲ್ಲಿ ಉಚಿತವಾಗಿ ತೋರಿಸಬಹುದಾದ ಆಕರಗಳೂ ಇವೆ. ಖರಗ್‌ಪುರದ ಐಐಟಿ ರೂಪಿಸಿರುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇರಿಸಿರುವ ‘ಶೋಧಗಂಗಾ’ ಹಾಗೂ ಚಂದಾ ಬೇಡದ ಮುಕ್ತ ನಿಯತಕಾಲಿಕೆಗಳು ಇವುಗಳಲ್ಲಿ ಮುಖ್ಯ. ಮೇಲ್ವಿಚಾರಕರಿಗೆ ಇವುಗಳ ಪರಿಚಯ ಮಾಡಿಸಲು ಹಣ ಬೇಕಾಗುವುದಿಲ್ಲ, ಒಂದು ಮಧ್ಯಾಹ್ನ ಬೇಕು.

ವಿದ್ಯುನ್ಮಾನ ರೂಪವೇ ನಿಸ್ಸಂದೇಹವಾಗಿ ಮೇಲೆನಿಸುವ ಸಂದರ್ಭಗಳೂ ಇವೆ. ಭಾರತ ಸರ್ಕಾರದ ರಾಜಪತ್ರದ ಮುದ್ರಣ 2015ರ ಅಕ್ಟೋಬರಿನಿಂದ ನಿಂತಿದ್ದು, ಅಧಿಸೂಚನೆಗಳು ಜಾಲತಾಣದಲ್ಲೇ ಪ್ರಕಟವಾಗುತ್ತಿವೆ. ಹಿಂದೆ ಅಧಿಸೂಚನೆಯೊಂದರ ಪ್ರತಿಗಾಗಿ ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಾಗಿದ್ದವರು ಈಗ ಅರಿವು ಕೇಂದ್ರದಲ್ಲೇ ಅದನ್ನು ತೆರೆದು ಓದಬಹುದು. ಇಂತಹವನ್ನು ಕಾಗದದಲ್ಲಿ ಪಡೆಯಲು ಯತ್ನಿಸುವುದು ವ್ಯರ್ಥ.

ಕನ್ನಡದ ದಿನಪತ್ರಿಕೆ, ವಾರಪತ್ರಿಕೆಗಳ ಮಾತು ಬೇರೆ. ಇ-ಪತ್ರಿಕೆಯ ಪುಟಗಳು ಅನೇಕ ಕಡೆ ಮುದ್ರಿತ ಪುಟದ ಚಿತ್ರಗಳಷ್ಟೇ ಆಗಿರುತ್ತವೆ. ಊರಿನ ಹೆಸರನ್ನೋ ಕೆರೆಯ ಹೆಸರನ್ನೋ ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ಯುನಿಕೋಡ್ ಬಳಕೆಗೆ ಬರುವ ಮುನ್ನಿನ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಪಿಡಿಎಫ್‌ಗಳಲ್ಲಿ ಅಕ್ಷರ ಕಣ್ಣಿಗೆ ಸರಿಯಾಗಿ ಕಂಡರೂ ನಕಲು ಮಾಡಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ‘ಗಣಕಯಂತ್ರದಲ್ಲಿದ್ದರೆ ಹುಡುಕುವುದು ಸುಲಭ’ ಎಂಬ ಮಾತು ಕನ್ನಡದ ಮಟ್ಟಿಗೆ ಇನ್ನೂ ಅರ್ಧಸತ್ಯ.

ವಾಚನಾಲಯದ ಬೆಳಗಿನ ನೋಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ದಿನಪತ್ರಿಕೆಯ ಹಾಳೆಗಳನ್ನು ಬಿಡಿಸಿ ನಾಲ್ಕೈದು ಜನ ಏಕಕಾಲಕ್ಕೆ ಓದುತ್ತಾರೆ. ಕ್ರೀಡಾಪುಟ ಒಬ್ಬರ ಕೈಯಲ್ಲಿ, ಮಾರುಕಟ್ಟೆ ಧಾರಣೆ ಮತ್ತೊಬ್ಬರ ಕೈಯಲ್ಲಿ, ಜಿಲ್ಲಾ ಪುಟಕ್ಕೆ ಕಾಯುವವರು ಬಾಗಿಲಲ್ಲಿ. ಒಂದೇ ಗುಪ್ತಪದದಿಂದ ತೆರೆಯುವ ಇ-ಪತ್ರಿಕೆಗೆ ಒಂದೇ ಪರದೆ. ಕನ್ನಡಕದ ವಯಸ್ಸಿನವರಿಗೆ ಮೊಬೈಲಿನ ಅಕ್ಷರ ಸಣ್ಣದು, ಗಣಕಯಂತ್ರದ ಇಲಿ ಅಪರಿಚಿತ. ವಿದ್ಯುತ್ ಕಡಿತದ ದಿನಗಳಲ್ಲಿ ಅದೂ ಇಲ್ಲ. ಕಾಗದದ ಪತ್ರಿಕೆಯನ್ನು ನಿಲ್ಲಿಸಿದಾಗ ಗ್ರಂಥಾಲಯಕ್ಕೆ ಬರುವುದನ್ನು ಬಿಡುವವರು ಸಾಮಾನ್ಯವಾಗಿ ದೂರು ಕೊಡುವವರಲ್ಲ, ಸುಮ್ಮನೆ ಬಾರದೆ ಉಳಿಯುವವರು. ಹಾಜರಿ ವಹಿಯಲ್ಲಿ ಮಾತ್ರ ಅದು ಕಾಣುತ್ತದೆ.

ನಿಯತಕಾಲಿಕೆಗಳ ನಿರ್ವಹಣೆ ಪುಸ್ತಕಗಳಿಗಿಂತ ಕಷ್ಟವಾದದ್ದು. ಪುಸ್ತಕ ಒಮ್ಮೆ ಬಂದರೆ ಮುಗಿಯಿತು. ಪತ್ರಿಕೆ ಬರುತ್ತಲೇ ಇರಬೇಕು, ಬಾರದಿದ್ದರೆ ಯಾರಾದರೂ ಗಮನಿಸಬೇಕು. ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ, ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು ಇದಕ್ಕೆಂದೇ ಮೂರು ಕಾರ್ಡುಗಳ ಪದ್ಧತಿಯನ್ನು ರೂಪಿಸಿದ್ದರು. ಬಂದ ಸಂಚಿಕೆಗಳನ್ನು ಗುರುತಿಸಲು ಒಂದು, ಯಾವ ವಾರ ಯಾವುದು ಬರಬೇಕು ಎಂದು ನೆನಪಿಸಲು ಒಂದು, ಗ್ರಂಥಾಲಯದಲ್ಲಿರುವ ಒಟ್ಟು ಸಂಪುಟಗಳನ್ನು ವಿಷಯವಾರು ತೋರಿಸಲು ಮತ್ತೊಂದು. ಇವುಗಳಲ್ಲಿ ಎರಡನೆಯದೇ ಮುಖ್ಯ. ಬಾರದ ಸಂಚಿಕೆಯನ್ನು ಆ ವಾರವೇ ಏಜೆಂಟರಿಗೆ ತಿಳಿಸಿದರೆ ಸಿಗುತ್ತದೆ, ವರ್ಷದ ಕೊನೆಯಲ್ಲಿ ಕೇಳಿದರೆ ಸಿಗುವುದಿಲ್ಲ. ಹತ್ತು ಪತ್ರಿಕೆಗಳಿರುವ ಗ್ರಂಥಾಲಯಕ್ಕೆ ಗೆರೆ ಎಳೆದ ಒಂದು ನೋಟುಪುಸ್ತಕವೇ ಸಾಕು. ವಿದ್ಯುನ್ಮಾನ ಚಂದಾಕ್ಕೂ ಅದೇ ಪುಸ್ತಕದಲ್ಲಿ ಒಂದು ಪುಟವಿರಲಿ: ಅವಧಿ ಮುಗಿಯುವ ದಿನಾಂಕ, ಖಾತೆ ಯಾವ ದೂರವಾಣಿ ಸಂಖ್ಯೆಗೆ ಜೋಡಣೆಯಾಗಿದೆ ಎಂಬ ವಿವರ, ವಾರಕ್ಕೊಮ್ಮೆ ತೆರೆದು ನೋಡಿದ ಗುರುತು.

ಇನ್ನು ಹಳೆಯ ಸಂಚಿಕೆಗಳ ವಿಚಾರ. ಎಲ್ಲವನ್ನೂ ಇರಿಸಿಕೊಳ್ಳಲು ಸ್ಥಳವಿಲ್ಲ, ಅಗತ್ಯವೂ ಇಲ್ಲ. ದಿನಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಅಂಶ ಉಳಿದಿರುವುದರಿಂದ ಬಿಸಿಲಿಗೂ ಗಾಳಿಗೂ ಅದು ಬೇಗ ಹಳದಿಯಾಗಿ ಪುಡಿಯಾಗುತ್ತದೆ. 1954ರ ಕಾಯ್ದೆ ಹಾಗೂ ಅದರ 1956ರ ತಿದ್ದುಪಡಿಯಂತೆ ಪುಸ್ತಕ, ಪತ್ರಿಕೆಗಳ ಪ್ರತಿಗಳನ್ನು ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮೊದಲಾದವುಗಳಿಗೆ ಸಲ್ಲಿಸಬೇಕಾಗಿರುವುದರಿಂದ, ದಿನಪತ್ರಿಕೆಗಳನ್ನು ಶಾಶ್ವತವಾಗಿ ಕಾಪಾಡುವ ಹೊಣೆ ಹಳ್ಳಿಯ ಗ್ರಂಥಾಲಯದ್ದಲ್ಲ. ಕೆಲವು ತಿಂಗಳ ನಂತರ ಅವು ನಿಯಮಾನುಸಾರ ರದ್ದಿಗೆ ಹೋಗಬಹುದು. ಸ್ಪರ್ಧಾತ್ಮಕ ಪರೀಕ್ಷೆಯ ಮಾಸಿಕಗಳನ್ನು ಒಂದೆರಡು ವರ್ಷ ಇರಿಸಿದರೆ ಅಭ್ಯರ್ಥಿಗಳಿಗೆ ಸಾಕು. ಕೃಷಿ ಪತ್ರಿಕೆಗಳ ಆಯುಷ್ಯ ಹೆಚ್ಚು. 1988ರಿಂದ ಪುತ್ತೂರಿನಿಂದ ಹೊರಬರುತ್ತಿರುವ, ರೈತರ ಅನುಭವಗಳಿಗೆ ಮೀಸಲಾದ ‘ಅಡಿಕೆ ಪತ್ರಿಕೆ’ಯಂತಹವುಗಳ ಹತ್ತು ವರ್ಷ ಹಳೆಯ ಸಂಚಿಕೆಯೂ ಬೆಳೆಗಾರರಿಗೆ ಉಪಯೋಗಕ್ಕೆ ಬರುತ್ತದೆ. ಇವನ್ನು ವರ್ಷವಾರು ಹೊಲಿಸಿ ರಟ್ಟು ಹಾಕಿಸಿ ದಾಸ್ತಾನು ವಹಿಗೆ ಸೇರಿಸುವ ವೆಚ್ಚ ಅಲ್ಪವಾದದ್ದು.

ಇವೆಲ್ಲಕ್ಕಿಂತ ಎಚ್ಚರ ಬೇಕಾದದ್ದು ಬೇರೆಲ್ಲೂ ಉಳಿಯದ ಮುದ್ರಣಗಳ ವಿಷಯದಲ್ಲಿ. ಊರಿನ ಪ್ರೌಢಶಾಲೆಯ ವಾರ್ಷಿಕ ಸಂಚಿಕೆ, ಜಾತ್ರೆಯ ಸ್ಮರಣ ಸಂಚಿಕೆ, ಹಾಲು ಉತ್ಪಾದಕರ ಸಂಘದ ವಾರ್ಷಿಕ ವರದಿ, ಗ್ರಾಮ ಸಭೆಯಲ್ಲಿ ಹಂಚಿದ ಕರಪತ್ರ ಇವು ಹೊರಗಿನ ಗ್ರಂಥಾಲಯ ತಲುಪುವುದು ಅಪರೂಪ. ಈಗೀಗ ಇವುಗಳಲ್ಲಿ ಹಲವು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಿಡಿಎಫ್ ಆಗಿ ಬಂದು, ಮೊಬೈಲು ಬದಲಾದೊಡನೆ ಅಳಿಸಿಹೋಗುತ್ತಿವೆ. ಮುದ್ರಿತವಾಗಿಯೂ ಪಿಡಿಎಫ್ ಆಗಿಯೂ ಹೊರಡುವ ಈ ಸುತ್ತೋಲೆಯ ಗತಿಯೂ ಭಿನ್ನವಾಗಿರಲಾರದು: ಐದು ವರ್ಷಗಳ ನಂತರ ಯಾರಿಗಾದರೂ ಸಿಕ್ಕಿದರೆ ಅದು ಬಹುಶಃ ಕಡತಕ್ಕೆ ಹೊಲಿದ ಪ್ರತಿಯೇ. ಅಂತಹ ಸ್ಥಳೀಯ ಪ್ರಕಟಣೆಗಳ ಪಿಡಿಎಫ್ ಪ್ರತಿಯನ್ನು ಗ್ರಂಥಾಲಯದ ಗಣಕಯಂತ್ರದಲ್ಲಿ ವರ್ಷವಾರು ಇರಿಸಿ, ಮತ್ತೊಂದು ಪ್ರತಿಯನ್ನು ಪಂಚಾಯತಿ ಕಚೇರಿಯಲ್ಲಿ ಬೇರೆ ಸಾಧನದಲ್ಲಿ ಇರಿಸಿ, ಒಂದು ಮುದ್ರಿತ ಪ್ರತಿಯನ್ನು ಕಪಾಟಿಗೆ ಸೇರಿಸುವಂತೆ ಸಭೆಯು ಸೂಚಿಸಬಹುದು.

ಚಂದಾ ನವೀಕರಣದ ವಿಷಯವನ್ನು ಅವಧಿ ಮುಗಿಯುವ ಎರಡು ತಿಂಗಳ ಮುಂಚೆಯೇ ಸಭೆಯ ಮುಂದೆ ತರಿಸಿಕೊಳ್ಳುವುದು ಲೇಸು. ಆಗ ಮೇಲ್ವಿಚಾರಕರಿಂದ, ಯಾವ ಪತ್ರಿಕೆಯನ್ನು ಯಾರು ಓದುತ್ತಾರೆ, ಮಹಿಳೆಯರೂ ಮಕ್ಕಳೂ ಕೇಳುವ ಪತ್ರಿಕೆ ಯಾವುದು, ತಿಂಗಳುಗಟ್ಟಲೆ ಮಡಿಕೆಯೇ ಬಿಚ್ಚದೆ ಉಳಿದದ್ದು ಯಾವುದು ಎಂದು ಕೇಳಿ ತಿಳಿಯಬಹುದು. ವಿದ್ಯುನ್ಮಾನ ಚಂದಾದ ಪ್ರಸ್ತಾವವಿದ್ದರೆ, ಎಷ್ಟು ಜನ ಏಕಕಾಲಕ್ಕೆ ಓದಬಹುದು, ಎಷ್ಟು ಹಿಂದಿನ ಸಂಚಿಕೆಗಳು ತೆರೆಯುತ್ತವೆ, ಪುಟವನ್ನು ಮುದ್ರಿಸಿಕೊಡಲು ಅವಕಾಶವುಂಟೇ, ಚಂದಾ ನಿಂತ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯಬೇಕು. ಖಾತೆಯನ್ನು ಮೇಲ್ವಿಚಾರಕರ ಸ್ವಂತ ಮೊಬೈಲಿಗೆ ಜೋಡಿಸದೆ ಪಂಚಾಯತಿಯ ಅಧಿಕೃತ ಸಂಖ್ಯೆ ಹಾಗೂ ಮಿಂಚಂಚೆಗೆ ಜೋಡಿಸಿ, ಗುಪ್ತಪದವನ್ನು ಲಕೋಟೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ವಶದಲ್ಲಿ ಇರಿಸತಕ್ಕದ್ದು. ಮೇಲ್ವಿಚಾರಕರು ನಿವೃತ್ತರಾದ ದಿನವೇ ಊರಿನ ಚಂದಾವೂ ಅವರೊಂದಿಗೆ ಹೊರಟುಹೋಗುವಂತಾಗಬಾರದು.