ಮಲೆಟ್ ಮೀನು ಮತ್ತು ಉಪ್ಪುನೀರಿನ ಗಾಳದ ಸರಕು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಮಾರುಕಟ್ಟೆಗಳಲ್ಲಿ ಬೂದು ಮಲೆಟ್ ಮೀನಿಗೆ ಹೇಳಿಕೊಳ್ಳುವಂತಹ ಬೆಲೆಯಿಲ್ಲ. ಅದೇ ನೀರಿನ ಸೀಬಾಸ್ ಮೀನು ಅದಕ್ಕಿಂತ ಬಹಳ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತದೆ. ಆದರೆ ಹವ್ಯಾಸಿ ಗಾಳಗಾರನೊಬ್ಬನು ಒಂದು ಮಲೆಟ್‌ಗಾಗಿ ಕೋಲು, ರೀಲು, ದಾರ, ಕೊಕ್ಕೆ, ಪ್ರಯಾಣ, ವಸತಿಗಳಿಗೆ ಮಾಡುವ ವೆಚ್ಚವು ಮೀನಿನ ಬೆಲೆಯ ಹಲವು ಪಟ್ಟು. ಹಿಡಿದ ಮೀನನ್ನು ಆತ ಸಾಮಾನ್ಯವಾಗಿ ಮರಳಿ ನೀರಿಗೇ ಬಿಡುತ್ತಾನೆ. ಈ ವಿಚಿತ್ರ ವ್ಯವಹಾರಕ್ಕೆ ಬೇಕಾಗುವ ಸರಕು ಎಂತಹದು ಎಂಬುದು ನಮ್ಮ ಸಣ್ಣ ಉದ್ದಿಮೆದಾರರು ತಿಳಿದುಕೊಳ್ಳತಕ್ಕ ವಿಷಯ.

ಮಲೆಟ್ ಬೇಟೆಯಾಡುವ ಮೀನಲ್ಲ. ಕೆಸರಿನ ಮೇಲ್ಪದರವನ್ನೂ ಪಾಚಿಯನ್ನೂ ದಪ್ಪ ತುಟಿಯಿಂದ ಹೀರಿ, ಕೋಳಿಯ ಅರೆಚೀಲವನ್ನು ಹೋಲುವ ಗಟ್ಟಿ ಜಠರದಲ್ಲಿ ಅರೆದುಕೊಳ್ಳುತ್ತದೆ. (ಇದೇ ಕುಟುಂಬದ ಮೀನುಗಳು ನಮ್ಮ ಕರಾವಳಿಯ ಅಳಿವೆಗಳಲ್ಲಿಯೂ ಇವೆ, ಗೋವೆಯ ಕೊಂಕಣಿಯಲ್ಲಿ ಇದಕ್ಕೆ ಶೇವಟೊ ಎಂಬ ಹೆಸರು.) ಸಣ್ಣ ಮೀನಿನಂತೆ ಮಿನುಗುವ ದೊಡ್ಡ ಕೃತಕ ಎರೆಗಳನ್ನು ಅದು ಸಾಮಾನ್ಯವಾಗಿ ಲೆಕ್ಕಿಸುವುದಿಲ್ಲ. ಆದುದರಿಂದಲೇ ಇದು ಗಾಳಕ್ಕೆ ಬೀಳದ ಮೀನೆಂದು ಬಹುಕಾಲ ಹೆಸರಾಗಿತ್ತು.

ಆದರೆ ಅದು ಸಣ್ಣ ಸಿಗಡಿಗಳನ್ನೂ ಹುಳುಗಳನ್ನೂ ತಿನ್ನುತ್ತದೆ. ದಡದಲ್ಲಿ ರಾಶಿಬಿದ್ದು ಕೊಳೆಯುವ ಕಡಲಕಳೆಯಲ್ಲಿ ಒಂದು ಜಾತಿಯ ನೊಣ ಮೊಟ್ಟೆಯಿಡುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಉಬ್ಬರವು ಆ ರಾಶಿಯನ್ನು ಮುಟ್ಟಿದಾಗ ಬಿಳಿಯ ಮರಿಹುಳುಗಳು ನೀರಿಗೆ ಕೊಚ್ಚಿಹೋಗುತ್ತವೆ. ಮಲೆಟ್ ಹಿಂಡುಗಳು ಮೊಣಕಾಲಷ್ಟು ನೀರಿಗೂ ಬಂದು ಅವುಗಳನ್ನು ಮುಕ್ಕುತ್ತವೆ. ಏವನ್ ಮತ್ತು ಸ್ಟೌರ್ ನದಿಗಳು ಕೂಡಿ ಕಡಲು ಸೇರುವ ಕ್ರೈಸ್ಟ್‌ಚರ್ಚ್ ಬಂದರಿನಂತಹ ಅಳಿವೆಗಳಲ್ಲಿ ಉಬ್ಬರದೊಡನೆ ಕೆಸರುಬಯಲಿಗೆ ಏರಿ ಮೇಯುವ ಹಿಂಡುಗಳಿಗೂ ಗಾಳ ಹಾಕುತ್ತಾರೆ. ಮೀನಿನ ಮೂತಿಯ ಮುಂದೆ ಸದ್ದಿಲ್ಲದೆ ಇಳಿಸಬೇಕಾದದ್ದು ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕೃತಕ ಹುಳು ಅಥವಾ ಸಿಗಡಿ.

ಇಷ್ಟು ಹಗುರವಾದುದನ್ನು ಎಸೆಯುವುದು ಹೇಗೆ? ಫ್ಲೈ ಫಿಶಿಂಗ್ ಪದ್ಧತಿಯಲ್ಲಿ ಭಾರವಿರುವುದು ಎರೆಯಲ್ಲಲ್ಲ, ದಾರದಲ್ಲಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ತಯಾರಕರು ಒಪ್ಪಿಕೊಂಡ ಮಾನಕದಂತೆ ದಾರದ ಮೊದಲ 30 ಅಡಿಯ ತೂಕಕ್ಕೆ ಸಂಖ್ಯೆಯನ್ನು ನಿಗದಿಪಡಿಸಲಾಗಿದೆ. 6ನೇ ಸಂಖ್ಯೆಯೆಂದರೆ 160 ಗ್ರೇನ್, ಸುಮಾರು 10.4 ಗ್ರಾಂ. ಮಲೆಟ್‌ಗೆ ಬಹುಮಂದಿ ಬಳಸುವುದು 9 ಅಡಿಯ, 6ನೇ ಸಂಖ್ಯೆಯ ಕೋಲನ್ನು. ಒಬ್ಬರ ಕೋಲಿಗೆ ಇನ್ನೊಬ್ಬರ ದಾರ ಹೊಂದುವುದು ಈ ಮಾನಕದಿಂದಾಗಿ. ಸಣ್ಣ ತಯಾರಕನು ಒಂದೇ ಬಿಡಿಭಾಗವನ್ನು ತಯಾರಿಸಿ ಬದುಕಲು ಸಾಧ್ಯವಾದುದೂ ಇದರಿಂದಲೇ.

ನಿಜವಾದ ಕಷ್ಟವಿರುವುದು ಕೊಕ್ಕೆಯಲ್ಲಿ. ಇಲ್ಲಿ ಬೇಕಾದುದು 8ರಿಂದ 14ರವರೆಗಿನ ಸಂಖ್ಯೆಯ ಕೊಕ್ಕೆಗಳು. ಸಂಖ್ಯೆ ಹೆಚ್ಚಿದಂತೆ ಗಾತ್ರ ಕಿರಿದಾಗುತ್ತದೆ. ತಂತಿ ಸಪೂರವಾಗಿದ್ದರೆ ಬಲಶಾಲಿಯಾದ ಮಲೆಟ್ ಅದನ್ನು ನೆಟ್ಟಗೆ ಮಾಡಿಬಿಡುತ್ತದೆ. ದಪ್ಪವಾಗಿದ್ದರೆ ಎರೆ ಬೇಗನೆ ಮುಳುಗುತ್ತದೆ. ಸಿಹಿನೀರಿಗೆಂದು ತಯಾರಿಸಿದ ಕಂಚುಬಣ್ಣದ ಉಕ್ಕಿನ ಕೊಕ್ಕೆಯನ್ನು ಉಪ್ಪುನೀರಿನಲ್ಲಿ ಬಳಸಿ ತೊಳೆಯದೆ ಪೆಟ್ಟಿಗೆಯಲ್ಲಿಟ್ಟರೆ ಬಹುಬೇಗ ತುಕ್ಕು ಕಾಣಿಸುತ್ತದೆ, ಪಕ್ಕದಲ್ಲಿರುವ ಕೊಕ್ಕೆಗಳಿಗೂ ಕಲೆ ಹತ್ತುತ್ತದೆ. ಸ್ಟೇನ್‌ಲೆಸ್ ಉಕ್ಕು ತುಕ್ಕನ್ನು ತಡೆಯುತ್ತದೆ. ಆದರೆ ಹೆಚ್ಚು ಇಂಗಾಲದ ಉಕ್ಕಿನಷ್ಟು ಮೊನೆಯನ್ನು ಉಳಿಸಿಕೊಳ್ಳುವುದಿಲ್ಲ. ದಾರ ಕಡಿದು ಕೊಕ್ಕೆಯೊಡನೆ ಓಡಿದ ಮೀನಿನ ಬಾಯಲ್ಲಿ ಅದು ಕರಗದೆ ಉಳಿಯುತ್ತದೆ ಎಂಬ ಆಕ್ಷೇಪವೂ ಇದೆ. ಇಂಗಾಲದ ಉಕ್ಕಿಗೆ ತವರ ಅಥವಾ ನಿಕ್ಕಲ್ ಲೇಪಿಸುವುದು ಮಧ್ಯದ ದಾರಿ. ಲೇಪನ ಒಂದಿಷ್ಟು ದಪ್ಪವಾದರೂ ಮೊನೆ ಮೊಂಡಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ತಯಾರಕನ ಪರೀಕ್ಷೆ ನಡೆಯುವುದು ಇಲ್ಲಿಯೇ. ಸೂಜಿಗೆ ಹೆಸರಾದ ಇಂಗ್ಲೆಂಡಿನ ರೆಡ್ಡಿಚ್ ಪಟ್ಟಣವು ತಂತಿ, ಹದ, ಮೊನೆಗಳ ಅದೇ ಅನುಭವದಿಂದ ಕೊಕ್ಕೆಯ ಪಟ್ಟಣವೂ ಆಯಿತು. ಅನಂತರ ನಾರ್ವೆ ಮತ್ತು ಜಪಾನಿನ ತಯಾರಕರು ಈ ಕ್ಷೇತ್ರದಲ್ಲಿ ಮುಂದೆ ಬಂದರು.

ಕೊಕ್ಕೆಗೆ ತುಪ್ಪಳ, ಗರಿ, ನೂಲು ಸುತ್ತಿ ಎರೆಯನ್ನು ಕಟ್ಟುವುದು ಇಂದಿಗೂ ಬಹುಮಟ್ಟಿಗೆ ಕೈಕೆಲಸ. ಬ್ರಿಟಿಷರ ಕಾಲದಲ್ಲಿ ಆರಂಭವಾದ ಕೀನ್ಯಾದ ಕುಶಲಕರ್ಮ ಈಗಲೂ ರಫ್ತಾಗುತ್ತಿದೆ. ಭಾರತದ ಸಾಕುಹುಂಜದ ಕತ್ತಿನ ಗರಿಯು ವಿದೇಶದ ಅಂಗಡಿಗಳಲ್ಲಿ ದೇಶದ ಹೆಸರಿನಿಂದಲೇ ಮಾರಾಟವಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಗರಿಗೆ ಸಾಲ್ಮನ್ ಗಾಳಗಾರರಿಂದ ಹಿಂದಿನಿಂದಲೂ ಬೇಡಿಕೆಯಿದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಆ ಹಕ್ಕಿ ಸಂರಕ್ಷಿತ. ಯಾರೇ ವಿಚಾರಿಸಿದರೂ ಆ ವ್ಯವಹಾರಕ್ಕೆ ಕೈಹಾಕಬಾರದು. ಮಲೆಟ್ ಎರೆಗೆ ಅದು ಬೇಕಾಗಿಯೂ ಇಲ್ಲ. ಮೊಲದ ತುಪ್ಪಳ, ಕೃತಕ ನಾರು, ಬಿಳಿಯ ಫೋಮ್ ಸಾಕು. ಸುಂಕದ ಪಟ್ಟಿಯಲ್ಲಿ ಗಾಳದ ಸರಕು 9507ನೇ ಶೀರ್ಷಿಕೆಯಲ್ಲಿದೆ, ಕೊಕ್ಕೆಗೆ 950720.

ಈ ವ್ಯಾಪಾರದ ಬುಡವಿರುವುದು ಮೀನಿನ ಸಂಖ್ಯೆಯಲ್ಲಿ. ದಪ್ಪತುಟಿಯ ಮಲೆಟ್ ಬ್ರಿಟನ್ ಮತ್ತು ಐರ್ಲೆಂಡಿನ ತಣ್ಣನೆಯ ನೀರಿನಲ್ಲಿ ಮೊಟ್ಟೆಯಿಡುವ ವಯಸ್ಸಿಗೆ ಬರಲು ಸುಮಾರು 10 ವರ್ಷ ಬೇಕು. ಹಿಂಡಾಗಿ ಸಂಚರಿಸುವ ಈ ಮೀನನ್ನು ಅಳಿವೆಯ ಬಾಯಲ್ಲಿ ಬಲೆಯಿಂದ ಸುತ್ತುವರಿದರೆ ಹಲವು ವರ್ಷಗಳ ಬೆಳೆ ಒಂದೇ ದಿನದಲ್ಲಿ ಕೈಗೆ ಬರುತ್ತದೆ. ಸಿಗುವ ಹಣವೋ ಅತ್ಯಲ್ಪ. ಬಲೆಗಾರನಿಗೂ ಅದು ಹೊಟ್ಟೆಪಾಡು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಇಂಗ್ಲೆಂಡಿನಲ್ಲಿ 2011ರಿಂದ ದಡಸಮೀಪದ ಮೀನುಗಾರಿಕೆಯ ಉಪವಿಧಿಗಳನ್ನು ರೂಪಿಸುವ ಪ್ರಾದೇಶಿಕ ಪ್ರಾಧಿಕಾರಗಳ ಮುಂದೆ ಈ ಎರಡೂ ಪಕ್ಷಗಳು ತಮ್ಮ ವಾದವನ್ನು ಮಂಡಿಸುತ್ತವೆ. ಗಾಳದ ಸರಕಿನ ಅಂಗಡಿಕಾರನಿಗೂ ಆ ತೀರ್ಮಾನಗಳು ಮುಖ್ಯ; ವಸಂತದಲ್ಲಿ ಹಿಂಡುಗಳು ಅಳಿವೆಗೆ ಮರಳದಿದ್ದರೆ ಆತನ ಕೊಕ್ಕೆ, ದಾರಗಳಿಗೆ ಆ ವರ್ಷ ಗಿರಾಕಿಗಳಿರುವುದಿಲ್ಲ.